ದಾಟಿಸಿದವರೇ ಸೇತುವೆ ಕಿತ್ತರೆ

2023ರ ಜನವರಿಯವರೆಗೂ ಆಪಲ್ ಕಂಪನಿ ಇಂಟೆಲ್ ಪ್ರೊಸೆಸರ್ ಇದ್ದ ಮ್ಯಾಕ್ ಮಿನಿಯನ್ನು ಹೊಸ ಯಂತ್ರವೆಂದೇ ಮಾರುತ್ತಿತ್ತು. ಕೊನೆಯ ವಾರದಲ್ಲಿ ಕೊಂಡವರಿಗೂ ಅದು ಹೊಸದೇ. 2025ರ ಸೆಪ್ಟೆಂಬರ್ 15ರಂದು ಮ್ಯಾಕ್‌ಓಎಸ್ ಟಾಹೋ ಬಿಡುಗಡೆಯಾಯಿತು. ಯಾವ ಯಾವ ಯಂತ್ರಗಳಲ್ಲಿ ಅದು ನಡೆಯುತ್ತದೆ ಎಂಬ ಪಟ್ಟಿಯಲ್ಲಿ ಆ ಮ್ಯಾಕ್ ಮಿನಿಯ ಹೆಸರಿರಲಿಲ್ಲ. ಕೊಂಡು ಮೂರು ವರ್ಷವೂ ತುಂಬಿರಲಿಲ್ಲ. ಯಂತ್ರ ಕೆಟ್ಟಿರಲಿಲ್ಲ, ನಿಧಾನವಾಗಿರಲಿಲ್ಲ, ಮಾಲೀಕರು ಯಾವ ತಪ್ಪನ್ನೂ ಮಾಡಿರಲಿಲ್ಲ. ಒಳಗಿದ್ದ ಚಿಪ್ಪು ಬೇರೆ ಕಂಪನಿಯದು, ಅಷ್ಟೇ.

ಇದಕ್ಕಿಂತ 16 ವರ್ಷ ಹಿಂದೆ ಇದೇ ನಾಟಕದ ಹಿಂದಿನ ಅಂಕ ನಡೆದಿತ್ತು. ಪವರ್ ಮ್ಯಾಕ್ ಜಿ5 ಎಂಬ ಯಂತ್ರ 2006ರ ಆಗಸ್ಟ್ 7ರವರೆಗೆ ಮಾರಾಟದಲ್ಲಿತ್ತು. ಅದರ ನಾಲ್ಕು ಕೋರ್‌ಗಳ ಮಾದರಿಯ ಬೆಲೆ 3,299 ಡಾಲರ್. 2009ರ ಆಗಸ್ಟ್ 28ರಂದು ಸ್ನೋ ಲೆಪರ್ಡ್ ಎಂಬ ಹೊಸ ಕಾರ್ಯಾಚರಣಾ ವ್ಯವಸ್ಥೆ ಬಂತು. ಜಿ5ಕ್ಕೆ ಅದರಲ್ಲಿ ಜಾಗವಿರಲಿಲ್ಲ. ಕೊನೆಯ ಗಿರಾಕಿಗೆ ಸಿಕ್ಕಿದ್ದು ಮೂರು ವರ್ಷ ಮತ್ತು ಮೂರು ವಾರ.

ಕಂಪ್ಯೂಟರ್ ತಯಾರಕರೊಬ್ಬರು ಪ್ರೊಸೆಸರ್ ಪೂರೈಕೆದಾರರನ್ನು ಬದಲಾಯಿಸಿದ ಕತೆಯನ್ನು ಸಾಮಾನ್ಯವಾಗಿ ಸಾಹಸದ ಕತೆಯಂತೆ ಹೇಳಲಾಗುತ್ತದೆ. ಹಿಂದೆ ಬಿದ್ದ ಜೊತೆಗಾರನನ್ನು ಬಿಟ್ಟು ಮುಂದಿರುವವನ ಕೈ ಹಿಡಿದ ಧೀರ ನಿರ್ಧಾರ, ವೇದಿಕೆ, ಚಪ್ಪಾಳೆ, ಏರಿದ ಶೇರಿನ ಬೆಲೆ. ಈ ಕತೆಯಲ್ಲಿ ಕಾಣಿಸದ ಪಾತ್ರ ಒಂದಿದೆ. ಅದು ಆ ಬದಲಾವಣೆಯ ಬಿಲ್ ಕಟ್ಟಿದವರದು. ಪೂರೈಕೆದಾರರನ್ನು ಬದಲಾಯಿಸುವ ಹಕ್ಕು ತಯಾರಕರಿಗಿದೆ, ಅದನ್ನು ಯಾರೂ ಪ್ರಶ್ನಿಸಬೇಕಿಲ್ಲ. ಆದರೆ ಬದಲಾವಣೆಯ ಖರ್ಚನ್ನು ಗಿರಾಕಿಯ ತಲೆಗೆ ಕಟ್ಟುವ ಹಕ್ಕು ಅದರ ಜೊತೆಗೆ ತಾನಾಗಿ ಬರುವುದಿಲ್ಲ. ಬರುತ್ತದೆ ಎಂದು ಎಲ್ಲರೂ ಒಪ್ಪಿಕೊಂಡುಬಿಟ್ಟಿದ್ದಾರೆ. ಜಗಳ ಇರುವುದು ಈ ಒಪ್ಪಿಗೆಯ ಜೊತೆ.

ಬದಲಾವಣೆ ತಪ್ಪಲ್ಲ

ಎದುರಾಳಿಯ ವಾದದಲ್ಲಿ ಇರುವ ಸತ್ಯವನ್ನು ಮೊದಲು ಒಪ್ಪಿಕೊಳ್ಳೋಣ. ಆಪಲ್ ಐಬಿಎಂ ಅನ್ನು ಬಿಟ್ಟು ಇಂಟೆಲ್ ಕಡೆ ಹೋದದ್ದಕ್ಕೆ ಗಟ್ಟಿ ಕಾರಣಗಳಿದ್ದವು.

ಪವರ್‌ಪಿಸಿ ಎಂಬ ಚಿಪ್ ವಂಶ ಹುಟ್ಟಿದ್ದು 1991ರಲ್ಲಿ ಆಪಲ್, ಐಬಿಎಂ, ಮೊಟೊರೊಲಾ ಮೂವರೂ ಸೇರಿ ಮಾಡಿಕೊಂಡ ಒಪ್ಪಂದದಿಂದ. 1994ರ ಮಾರ್ಚ್‌ನಲ್ಲಿ ಮೊದಲ ಪವರ್ ಮ್ಯಾಕಿಂಟಾಶ್‌ಗಳು ಬಂದವು. ಕೆಲವು ವರ್ಷ ಆ ಚಿಪ್ಪುಗಳು ಇಂಟೆಲ್‌ಗೆ ಸರಿಸಾಟಿಯಾಗಿದ್ದವು. ಆಪಲ್ ತನ್ನ ಜಾಹೀರಾತಿನಲ್ಲಿ ಪೆಂಟಿಯಂ ಚಿಪ್ಪನ್ನು ಬಸವನಹುಳುವಿನ ಬೆನ್ನ ಮೇಲೆ ಕೂರಿಸಿ ಗೇಲಿ ಮಾಡಿತು. 2003ರಲ್ಲಿ ಜಿ5 ಬಂದಾಗ ಅಮೆರಿಕದ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯ 1,100 ಜಿ5 ಯಂತ್ರಗಳನ್ನು ಜೋಡಿಸಿ ಸೂಪರ್ ಕಂಪ್ಯೂಟರ್ ಕಟ್ಟಿತು. ಆ ವರ್ಷದ ನವೆಂಬರ್‌ನ ಜಾಗತಿಕ ಪಟ್ಟಿಯಲ್ಲಿ ಅದು ಮೂರನೆಯ ಸ್ಥಾನದಲ್ಲಿತ್ತು.

ಅದೇ ವರ್ಷ ಸ್ಟೀವ್ ಜಾಬ್ಸ್ ವೇದಿಕೆಯ ಮೇಲೆ ನಿಂತು ಹನ್ನೆರಡು ತಿಂಗಳಲ್ಲಿ 3 ಗಿಗಾಹರ್ಟ್ಸ್ ಜಿ5 ಕೊಡುವುದಾಗಿ ಮಾತು ಕೊಟ್ಟರು. ಕೊಡಲಾಗಲಿಲ್ಲ. 2004ರಲ್ಲಿ 2.5 ಗಿಗಾಹರ್ಟ್ಸ್ ಮುಟ್ಟುವುದಕ್ಕೇ ಯಂತ್ರದೊಳಗೆ ದ್ರವ ಹರಿಸಿ ತಣ್ಣಗಿಡಬೇಕಾಯಿತು. ಇಷ್ಟು ಬಿಸಿಯಾಗುವ ಚಿಪ್ಪನ್ನು ಲ್ಯಾಪ್‌ಟಾಪ್‌ನಲ್ಲಿ ಹಾಕುವುದು ಹೇಗೆ? ಹಾಕಲಿಲ್ಲ. ಜಿ5 ಪವರ್‌ಬುಕ್ ಎಂದೂ ಬರಲೇ ಇಲ್ಲ. ಇನ್ನೊಂದು ಕಡೆ ಐಬಿಎಂ ಗಮನ ಆಟದ ಯಂತ್ರಗಳತ್ತ ತಿರುಗಿತ್ತು. ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ 360, ಸೋನಿಯ ಪ್ಲೇಸ್ಟೇಷನ್ 3, ನಿಂಟೆಂಡೊದ ವೀ ಮೂರರಲ್ಲೂ ಪವರ್‌ಪಿಸಿ ವಂಶದ ಚಿಪ್ಪುಗಳು. ಆ ಮೂರೂ ಸೇರಿ ತಮ್ಮ ಆಯುಷ್ಯದಲ್ಲಿ 25 ಕೋಟಿಗೂ ಹೆಚ್ಚು ಮಾರಾಟವಾದವು. ಆಪಲ್ 2005ರ ಹಣಕಾಸು ವರ್ಷದಲ್ಲಿ ಮಾರಿದ ಮ್ಯಾಕ್‌ಗಳು ಸುಮಾರು 45 ಲಕ್ಷ. ಮದುವೆ ಮನೆಗೆ ಕ್ವಿಂಟಾಲುಗಟ್ಟಲೆ ಅಕ್ಕಿ ಒಯ್ಯುವವರ ನಡುವೆ ಎರಡು ಸೇರು ಕೊಳ್ಳುವವನ ಮಾತನ್ನು ಅಂಗಡಿಯವನು ಎಷ್ಟು ಕೇಳಿಯಾನು?

2005ರ ಜೂನ್ 6ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಡೆವಲಪರ್‌ಗಳ ಮುಂದೆ ಜಾಬ್ಸ್ ಬದಲಾವಣೆಯನ್ನು ಘೋಷಿಸಿದರು. ಅವರು ತೋರಿಸಿದ ಲೆಕ್ಕ ಸರಳವಾಗಿತ್ತು: ಒಂದು ವ್ಯಾಟ್ ವಿದ್ಯುತ್ತಿಗೆ ಪವರ್‌ಪಿಸಿ ಕೊಡುವ ಕೆಲಸ 15 ಎಂದಾದರೆ ಇಂಟೆಲ್‌ನ ಮುಂಬರುವ ಚಿಪ್ಪುಗಳು ಕೊಡುವುದು 70. ಐದು ವರ್ಷಗಳಿಂದ ಮ್ಯಾಕ್ ಓಎಸ್ ಟೆನ್‌ನ ಪ್ರತಿ ಆವೃತ್ತಿಯನ್ನೂ ಗುಟ್ಟಾಗಿ ಇಂಟೆಲ್ ಮೇಲೂ ಓಡಿಸಿ ನೋಡುತ್ತಿದ್ದೆವು ಎಂದೂ ಹೇಳಿದರು. 2007ರ ಕೊನೆಗೆ ಮುಗಿಸುತ್ತೇವೆ ಎಂದ ಕೆಲಸವನ್ನು 2006ರ ಆಗಸ್ಟ್‌ಗೇ ಮುಗಿಸಿದರು. ಎಂಜಿನಿಯರಿಂಗ್ ಕೆಲಸವಾಗಿ ನೋಡಿದರೆ ಇದಕ್ಕೆ ತಲೆಬಾಗಲೇಬೇಕು.

2020ರ ಕಾರಣಗಳೂ ಅಷ್ಟೇ ಗಟ್ಟಿ. ಆ ಹೊತ್ತಿಗೆ ಇಂಟೆಲ್ ತನ್ನ 10 ನ್ಯಾನೋಮೀಟರ್ ತಯಾರಿಕೆಯಲ್ಲಿ ವರ್ಷಗಟ್ಟಲೆ ತಡವಾಗಿತ್ತು. ಆಪಲ್ 2008ರಲ್ಲಿ 27.8 ಕೋಟಿ ಡಾಲರ್ ಕೊಟ್ಟು ಪಿಎ ಸೆಮಿ ಎಂಬ ಚಿಪ್ ವಿನ್ಯಾಸ ಕಂಪನಿಯನ್ನು ಕೊಂಡುಕೊಂಡಿತ್ತು. ಐಫೋನ್‌ಗಾಗಿ ತನ್ನದೇ ಚಿಪ್ ರೂಪಿಸುವುದನ್ನು ಕಲಿತಿತ್ತು. 2020ರ ನವೆಂಬರ್‌ನಲ್ಲಿ ಬಂದ ಎಂ1 ಚಿಪ್ ಫ್ಯಾನ್ ಇಲ್ಲದ ತೆಳು ಲ್ಯಾಪ್‌ಟಾಪ್‌ನಲ್ಲಿ ಕೂತು, ಗರಗರ ಸದ್ದು ಮಾಡುವ ಯಂತ್ರಗಳನ್ನು ಹಿಂದೆ ಹಾಕಿತು. ಇದೆಲ್ಲ ನಿಜ. ನಿಜವಾದ್ದರಿಂದಲೇ ಮುಂದಿನ ಪ್ರಶ್ನೆ ಏಳುತ್ತದೆ. ಇಷ್ಟು ಲಾಭದ ಬದಲಾವಣೆಯ ನಷ್ಟವನ್ನು ಹೊತ್ತವರು ಯಾರು?

ಕೊನೆಯಲ್ಲಿ ಕೊಂಡವರು, ಮೊದಲು ಕೊಂಡವರು

ಕೊನೆಯಲ್ಲಿ ಕೊಂಡವರ ಗತಿ ಮೇಲೆ ಬಂದಿದೆ. ಇನ್ನೊಂದು ಉದಾಹರಣೆ ನೋಡಿ. 2020ರ ಮಾರ್ಚ್‌ನಲ್ಲಿ ಆಪಲ್ ಹೊಸ ಇಂಟೆಲ್ ಮ್ಯಾಕ್‌ಬುಕ್ ಏರ್ ಬಿಟ್ಟಿತು. ಅಮೆರಿಕದಲ್ಲಿ 999 ಡಾಲರ್, ಭಾರತದಲ್ಲಿ ಸುಮಾರು 93 ಸಾವಿರ ರೂಪಾಯಿ. ಲಾಕ್‌ಡೌನ್‌ನಲ್ಲಿ ಮನೆಯಿಂದ ಕೆಲಸ, ಮನೆಯಿಂದ ಪಾಠ ಎಂದು ಜನ ಲ್ಯಾಪ್‌ಟಾಪ್ ಹುಡುಕುತ್ತಿದ್ದ ಕಾಲ ಅದು. ಜೂನ್‌ನಲ್ಲಿ ಇಂಟೆಲ್‌ಗೆ ವಿದಾಯದ ಘೋಷಣೆ. ನವೆಂಬರ್‌ನಲ್ಲಿ ಅದೇ ಹೆಸರು, ಅದೇ ಆಕಾರ, ಅದೇ ಬೆಲೆಯಲ್ಲಿ ಎಂ1 ಏರ್. ಎಂಟು ತಿಂಗಳು ಮೊದಲು ಕೊಂಡವರು 2025ರ ಪಟ್ಟಿಯಿಂದ ಹೊರಗೆ, ಎಂಟು ತಿಂಗಳು ಕಾದವರು ಒಳಗೆ. ಮಾರ್ಚ್‌ನಲ್ಲಿ ಆ ಯಂತ್ರವನ್ನು ಮಾರಿದ ಕಂಪನಿಗೆ ನವೆಂಬರ್‌ನಲ್ಲಿ ಏನು ಬರಲಿದೆ ಎಂದು ಗೊತ್ತಿರಲಿಲ್ಲವೇ? ಚಿಪ್ ವಿನ್ಯಾಸ ಮೂರು ತಿಂಗಳಲ್ಲಿ ಮುಗಿಯುವ ಕೆಲಸವಲ್ಲ. ಗೊತ್ತಿಲ್ಲದೇ ಇದ್ದವರು ಗಿರಾಕಿಗಳು ಮಾತ್ರ.

ಹಾಗಾದರೆ ಘೋಷಣೆಯನ್ನು ನಂಬಿ ಮೊದಲ ದಿನವೇ ಹೊಸ ದಾರಿಗೆ ಬಂದವರಾದರೂ ಗೆದ್ದರೇ? 2006ರ ಜನವರಿಯಲ್ಲಿ ಬಂದ ಮೊದಲ ಇಂಟೆಲ್ ಐಮ್ಯಾಕ್ ಮತ್ತು ಮ್ಯಾಕ್‌ಬುಕ್ ಪ್ರೋಗಳಲ್ಲಿ ಇದ್ದದ್ದು ಕೋರ್ ಡ್ಯುಯೋ, 32 ಬಿಟ್‌ನ ಚಿಪ್. ಕೆಲವೇ ತಿಂಗಳಲ್ಲಿ 64 ಬಿಟ್‌ನ ಕೋರ್ 2 ಡ್ಯುಯೋ ಬಂತು. 2011ರಲ್ಲಿ ಲಯನ್ ಎಂಬ ಆವೃತ್ತಿ ಬಂದಾಗ ಅದಕ್ಕೆ 64 ಬಿಟ್ ಬೇಕೇ ಬೇಕೆಂದಾಯಿತು. ಭವಿಷ್ಯದ ಯಂತ್ರ ಎಂದು ನಂಬಿ ಸಾಲಿನಲ್ಲಿ ಮೊದಲು ನಿಂತವರು ಅಲ್ಲಿಗೇ ನಿಂತರು. ಅಂದರೆ ಕೊನೆಯಲ್ಲಿ ಕೊಂಡರೂ ನಷ್ಟ, ಮೊದಲು ಕೊಂಡರೂ ನಷ್ಟ.

ಹೊಸ ಆವೃತ್ತಿ ಸಿಗದಿದ್ದರೇನಂತೆ, ಹಳೆಯದೇ ನಡೆಯುತ್ತದಲ್ಲ ಎನ್ನುವವರಿದ್ದಾರೆ. ಸುರಕ್ಷತಾ ತೇಪೆಗಳು ಇನ್ನೂ ಸ್ವಲ್ಪ ಕಾಲ ಬರುತ್ತವೆ, ಹೌದು. ಆಮೇಲೆ ಬ್ರೌಸರ್ ಹೊಸ ಆವೃತ್ತಿ ಕೊಡುವುದನ್ನು ನಿಲ್ಲಿಸುತ್ತದೆ. ಬ್ಯಾಂಕಿನ ಜಾಲತಾಣ ಹಳೆ ಬ್ರೌಸರ್ ಬೇಡ ಎನ್ನುತ್ತದೆ. ಕಚೇರಿಯ ಐಟಿ ವಿಭಾಗ ಯಂತ್ರವನ್ನು ಜಾಲಕ್ಕೆ ಸೇರಿಸಲು ಒಪ್ಪುವುದಿಲ್ಲ. ಗುಂಡಿ ಒತ್ತಿದರೆ ದೀಪ ಹತ್ತುತ್ತದೆ, ಕೆಲಸ ಮಾತ್ರ ಸಾಗುವುದಿಲ್ಲ.

ಮೂರು ಸೇತುವೆಗಳು

ಯಂತ್ರದ ಮಾತು ಒಂದು ಕಡೆ. ಅದಕ್ಕಿಂತ ದೊಡ್ಡ ನಷ್ಟ ತಂತ್ರಾಂಶದ್ದು.

ಒಂದು ಚಿಪ್ ವಂಶಕ್ಕೆ ಬರೆದ ಪ್ರೋಗ್ರಾಂ ಇನ್ನೊಂದು ವಂಶದ ಚಿಪ್ಪಿಗೆ ಅರ್ಥವಾಗುವುದಿಲ್ಲ. ಆದ್ದರಿಂದ ಚಿಪ್ ಬದಲಾಯಿಸುವವರು ನಡುವೆ ಒಬ್ಬ ದುಭಾಷಿಯನ್ನು ಕೂರಿಸಬೇಕು. ಹಳೆ ಚಿಪ್ಪಿನ ಆದೇಶಗಳನ್ನು ಹೊಸ ಚಿಪ್ಪಿನ ಆದೇಶಗಳಾಗಿ ಅನುವಾದಿಸುತ್ತಾ ಹೋಗುವ ತಂತ್ರಾಂಶ ಅದು. ಆಪಲ್ ಮೂರು ಸಲ ಇಂಥ ಸೇತುವೆ ಕಟ್ಟಿದೆ. ಮೂರರ ಆಯುಷ್ಯವನ್ನು ಅಕ್ಕಪಕ್ಕ ಇಟ್ಟು ನೋಡಬೇಕು.

ಮೊದಲನೆಯದು 1994ರದು. ಮೊಟೊರೊಲಾದ 68000 ವಂಶದಿಂದ ಪವರ್‌ಪಿಸಿಗೆ ದಾಟುವಾಗ ಹಳೆ ಪ್ರೋಗ್ರಾಂಗಳನ್ನು ಓಡಿಸುವ ಎಮ್ಯುಲೇಟರ್ ವ್ಯವಸ್ಥೆಯ ಒಳಗೇ ಇತ್ತು. ಮುಂದೆ ಮ್ಯಾಕ್ ಓಎಸ್ ಟೆನ್ ಬಂದ ಮೇಲೂ ಕ್ಲಾಸಿಕ್ ಎಂಬ ಪದರದ ಮೂಲಕ ಅದು ಉಳಿಯಿತು. ಪವರ್‌ಪಿಸಿ ಯಂತ್ರಗಳಲ್ಲಿ 2007ರ ಅಕ್ಟೋಬರ್‌ನ ಲೆಪರ್ಡ್ ಆವೃತ್ತಿ ಬರುವವರೆಗೂ, ಅಂದರೆ 13 ವರ್ಷ, ಆ ಸೇತುವೆ ನಿಂತಿತ್ತು. ಎರಡನೆಯದು ರೊಸೆಟ್ಟಾ, ಪವರ್‌ಪಿಸಿಯಿಂದ ಇಂಟೆಲ್‌ಗೆ. 2006ರ ಜನವರಿಯಲ್ಲಿ ಬಂತು, 2011ರ ಜುಲೈ 20ರಂದು ಲಯನ್ ಆವೃತ್ತಿಯಲ್ಲಿ ಕಿತ್ತರು. ಐದೂವರೆ ವರ್ಷ. ಮೂರನೆಯದು ರೊಸೆಟ್ಟಾ 2, ಇಂಟೆಲ್‌ನಿಂದ ಆಪಲ್‌ನ ಸ್ವಂತ ಚಿಪ್ಪಿಗೆ. 2020ರಲ್ಲಿ ಬಂತು. ಮ್ಯಾಕ್‌ಓಎಸ್ 27ರವರೆಗೆ ಮಾತ್ರ, ಆಮೇಲೆ ಕೆಲವು ಹಳೆ ಆಟಗಳಿಗಷ್ಟೇ ಎಂದು ಕಂಪನಿ 2025ರ ಜೂನ್‌ನಲ್ಲೇ ಹೇಳಿದೆ.

ಈಗ ಈ ಸೇತುವೆಗಳ ಪಕ್ಕದಲ್ಲಿ ಕಂಪನಿಯ ಖಾತೆ ಪುಸ್ತಕ ತೆರೆಯಿರಿ. ಮೊದಲ ಸೇತುವೆಯನ್ನು ಕಾಪಾಡಿದ್ದು ದಿವಾಳಿಯ ಅಂಚಿನಲ್ಲಿದ್ದ ಆಪಲ್. 1997ರ ಹಣಕಾಸು ವರ್ಷ ಒಂದರಲ್ಲೇ ಅದು ಕಳೆದುಕೊಂಡದ್ದು 100 ಕೋಟಿ ಡಾಲರ್‌ಗೂ ಹೆಚ್ಚು. ಎರಡನೆಯ ಸೇತುವೆಯನ್ನು ಕಿತ್ತದ್ದು 2011ರ ಆಪಲ್. ಆ ವರ್ಷದ ನಿವ್ವಳ ಲಾಭ 2,590 ಕೋಟಿ ಡಾಲರ್. ಬಡತನದಲ್ಲಿ 13 ವರ್ಷ ನಡೆಸಿದ ಅನ್ನಛತ್ರವನ್ನು ಸಿರಿತನ ಬಂದ ಮೇಲೆ ಐದೂವರೆ ವರ್ಷಕ್ಕೆ ಮುಚ್ಚಿದವರು ಖರ್ಚಿನ ಮಾತಾಡಿದರೆ ನಂಬುವುದು ಹೇಗೆ?

ಸೇತುವೆ ಬಿದ್ದಾಗ ಹೊಳೆಪಾಲಾದದ್ದು ಏನೇನು? ಇಂಟೆಲ್ ಮ್ಯಾಕ್‌ಗಳಲ್ಲಿ ಕ್ಲಾಸಿಕ್ ಮೊದಲ ದಿನದಿಂದಲೇ ಇರಲಿಲ್ಲ. ಅದರ ಜೊತೆ ಹೈಪರ್‌ಕಾರ್ಡ್ ಹೋಯಿತು. 1987ರಲ್ಲಿ ಬಂದ ಹೈಪರ್‌ಕಾರ್ಡ್‌ನಲ್ಲಿ ಪ್ರೋಗ್ರಾಮಿಂಗ್ ಓದದ ಶಿಕ್ಷಕರು, ವೈದ್ಯರು, ಹವ್ಯಾಸಿಗಳು ತಮ್ಮ ಕೈಯಾರೆ ಪಾಠಗಳನ್ನು, ಕಡತಗಳನ್ನು, ಆಟಗಳನ್ನು ಕಟ್ಟಿಕೊಂಡಿದ್ದರು. ಪುಸ್ತಕ ವಿನ್ಯಾಸಕರ ಪೇಜ್‌ಮೇಕರ್ ಕೂಡ ಮ್ಯಾಕ್ ಓಎಸ್ ಟೆನ್‌ಗೆಂದು ಎಂದೂ ಬರಲಿಲ್ಲ, ಅದೂ ಕ್ಲಾಸಿಕ್ ಜೊತೆಗೇ ಮುಳುಗಿತು. ಅಡೋಬಿಯ ವಿನ್ಯಾಸ ತಂತ್ರಾಂಶಗಳು ಇಂಟೆಲ್‌ಗೆ ನೇರವಾಗಿ ಒಗ್ಗಿದ್ದು 2007ರ ಸಿಎಸ್3 ಆವೃತ್ತಿಯಲ್ಲಿ. ಅಲ್ಲಿಯವರೆಗೆ ರೊಸೆಟ್ಟಾದ ಮೇಲೆ ತೆವಳುತ್ತಾ ಕೆಲಸ ಮಾಡಬೇಕು, ಇಲ್ಲವೇ ಹೊಸ ಯಂತ್ರದ ಮೇಲೆ ಹೊಸ ತಂತ್ರಾಂಶಕ್ಕೂ ದುಡ್ಡು ತೆರಬೇಕು. ಫ್ರೀಹ್ಯಾಂಡ್ ಎಂಬ ಚಿತ್ರ ತಂತ್ರಾಂಶವನ್ನು ಅಡೋಬಿ 2007ರಲ್ಲಿ ಕೈಬಿಟ್ಟಿತ್ತು. ಅದು ಬದುಕಿದ್ದದ್ದೇ ರೊಸೆಟ್ಟಾದ ಮೇಲೆ. ಲಯನ್ ಅದನ್ನೂ ನುಂಗಿತು.

ಎಲ್ಲಕ್ಕಿಂತ ಕಹಿ ಉದಾಹರಣೆ ಆಪಲ್‌ನ ಸ್ವಂತ ತಂತ್ರಾಂಶ ಆಪಲ್‌ವರ್ಕ್ಸ್‌ನದು. ಶಾಲೆಗಳಲ್ಲಿ, ಮನೆಗಳಲ್ಲಿ ಪತ್ರ, ಲೆಕ್ಕ, ಚಿತ್ರ ಎಲ್ಲಕ್ಕೂ ಬಳಕೆಯಾಗುತ್ತಿದ್ದ ಅದನ್ನು ಆಪಲ್ ಇಂಟೆಲ್‌ಗೆ ತರಲೇ ಇಲ್ಲ. 2007ರಲ್ಲಿ ಮಾರಾಟ ನಿಲ್ಲಿಸಿತು, 2011ರಲ್ಲಿ ರೊಸೆಟ್ಟಾ ಕಿತ್ತಿತು, 2013ರ ಹೊಸ ಪೇಜಸ್ ತಂತ್ರಾಂಶದಲ್ಲಿ ಆಪಲ್‌ವರ್ಕ್ಸ್ ಕಡತ ತೆರೆಯುವ ಸೌಲಭ್ಯವನ್ನೂ ತೆಗೆಯಿತು. ಬೇರೆಯವರು ತಮ್ಮ ತಂತ್ರಾಂಶ ಹೊಸದು ಮಾಡಲಿಲ್ಲ ಎಂಬ ನೆಪ ಇಲ್ಲಿ ಸಲ್ಲುವುದಿಲ್ಲ. ಚಿಪ್ ಬದಲಾಯಿಸಿದವರು, ಸೇತುವೆ ಕಟ್ಟಿದವರು, ಕಿತ್ತವರು, ಕಡತದ ರೂಪ ತಯಾರಿಸಿದವರು ಎಲ್ಲರೂ ಒಬ್ಬರೇ.

ಈ ಕತೆಯಲ್ಲಿ ಕನ್ನಡಿಗರಿಗೆ ಮಾತ್ರ ತಿಳಿಯುವ ಒಂದು ವ್ಯಂಗ್ಯವಿದೆ. ಮ್ಯಾಕ್‌ನ ಕಾರ್ಯಾಚರಣಾ ವ್ಯವಸ್ಥೆಯ ಜೊತೆಗೇ ಕನ್ನಡ ಫಾಂಟುಗಳು ಬಂದದ್ದು ಕೂಡ ಅದೇ ಲಯನ್‌ನಲ್ಲಿ. ಹಿಂದಿ, ತಮಿಳು, ಗುಜರಾತಿ, ಗುರುಮುಖಿಗಳಿಗೆ ಮೊದಲೇ ಸಿಕ್ಕ ಜಾಗ ಕನ್ನಡಕ್ಕೆ ಸಿಕ್ಕಿದ್ದು 2011ರಲ್ಲಿ, ತೆಲುಗು, ಮಲಯಾಳಂ, ಬಂಗಾಳಿ, ಒಡಿಯಾಗಳ ಜೊತೆ. ಹಾಗಾಗಿ ಮ್ಯಾಕ್ ಇಟ್ಟುಕೊಂಡ ಕನ್ನಡಿಗರ ಮುಂದೆ ಆ ವರ್ಷ ಬಂದ ಆಯ್ಕೆ ಇದು: ಹಣ ಕೊಟ್ಟು ಕೊಂಡ ಹಳೆ ತಂತ್ರಾಂಶ ಬೇಕೋ, ತಮ್ಮ ಲಿಪಿ ಬೇಕೋ? ಎರಡೂ ಬೇಕು ಎನ್ನಲು ದಾರಿ ಇರಲಿಲ್ಲ. ಲಿಪಿಗೂ ಪ್ರೊಸೆಸರ್‌ಗೂ ಯಾವ ಸಂಬಂಧವೂ ಇಲ್ಲದಿದ್ದರೂ ಎರಡನ್ನೂ ಒಂದೇ ಮೂಟೆಯಲ್ಲಿ ಕಟ್ಟಿ ತಕ್ಕಡಿಗೆ ಹಾಕಿದ್ದು ಮಾರುವವರ ತೀರ್ಮಾನ.

ಪ್ರಗತಿಗೆ ಬೆಲೆ ತೆರಬೇಕು ಎನ್ನುವವರಿಗೆ

ಇಲ್ಲಿ ಪರಿಚಿತ ಉತ್ತರ ಬರುತ್ತದೆ. ಹಳೆಯದನ್ನು ಹೊತ್ತುಕೊಂಡೇ ಹೋದರೆ ಮುಂದೆ ಹೋಗಲಾಗುವುದಿಲ್ಲ, ಮ್ಯಾಕ್ ಚುರುಕಾಗಿರುವುದೇ ಆಪಲ್ ನಿರ್ದಯವಾಗಿ ಕತ್ತರಿಸುವುದರಿಂದ, ಸೇತುವೆ ಇದ್ದರೆ ಡೆವಲಪರ್‌ಗಳು ಸೋಮಾರಿಗಳಾಗುತ್ತಾರೆ ಇತ್ಯಾದಿ.

ಈ ಮಾತನ್ನು ಸುಳ್ಳು ಮಾಡಲು ದೂರ ಹೋಗಬೇಕಿಲ್ಲ. ಐಬಿಎಂ 1964ರ ಏಪ್ರಿಲ್‌ನಲ್ಲಿ ಸಿಸ್ಟಂ/360 ಎಂಬ ಮೇನ್‌ಫ್ರೇಮ್ ವಂಶವನ್ನು ಘೋಷಿಸಿತು. ಆಮೇಲಿನ ಅರವತ್ತು ವರ್ಷಗಳಲ್ಲಿ ಒಳಗಿನ ಚಿಪ್ಪುಗಳು ಎಷ್ಟೋ ಸಲ ಪೂರ್ತಿ ಬದಲಾಗಿವೆ. ಆದರೂ ಅಂದಿನ ಅನ್ವಯಗಳನ್ನು ಇಂದಿನ ಮೇನ್‌ಫ್ರೇಮ್ ಓಡಿಸಬಲ್ಲದು. ಕಾರಣ ಸರಳ: ಅದನ್ನು ಕೊಂಡವರು ಬ್ಯಾಂಕುಗಳು, ವಿಮಾ ಕಂಪನಿಗಳು, ಸರ್ಕಾರಗಳು. ಅವರ ಕಡತ ತೆರೆಯದಂತೆ ಮಾಡುವ ಧೈರ್ಯ ಯಾವ ಪೂರೈಕೆದಾರರಿಗೂ ಇಲ್ಲ. ವಿಂಡೋಸ್ ಮೇಲೆ ನೂರು ದೂರುಗಳಿರಬಹುದು, ಆದರೆ 1990ರ ದಶಕದ 32 ಬಿಟ್ ಪ್ರೋಗ್ರಾಂಗಳಲ್ಲಿ ಎಷ್ಟೋ ಇಂದಿನ ವಿಂಡೋಸ್ 11ರಲ್ಲೂ ನಡೆಯುತ್ತವೆ. ಅದರಿಂದ ಮೈಕ್ರೋಸಾಫ್ಟ್ ಮುಳುಗಿಹೋಗಲಿಲ್ಲ. ಸೇತುವೆ ಕಾಯುವುದು ಅಸಾಧ್ಯವಲ್ಲ. ಗಿರಾಕಿ ದೊಡ್ಡವನಾದರೆ ಸಾಧ್ಯ, ಚಿಕ್ಕವನಾದರೆ ಅಸಾಧ್ಯ. ಇದಕ್ಕೆ ಪ್ರಗತಿ ಎಂದು ಹೆಸರಿಡುವುದು ಬೇಡ.

ಹಳೆ ಯಂತ್ರಕ್ಕೆ ಹೊಸ ವ್ಯವಸ್ಥೆ ಹೊರಲಾಗುವುದಿಲ್ಲ ಎಂಬ ವಾದಕ್ಕೂ ಉತ್ತರ ಇದೆ. ಓಪನ್‌ಕೋರ್ ಲೆಗಸಿ ಪ್ಯಾಚರ್ ಎಂಬ ಉಚಿತ ತಂತ್ರಾಂಶವನ್ನು ಸ್ವಯಂಸೇವಕರು ಬರೆದಿದ್ದಾರೆ. ಆಪಲ್ ಕೈಬಿಟ್ಟ ಎಷ್ಟೋ ಮ್ಯಾಕ್‌ಗಳಲ್ಲಿ ಅದು ಮುಂದಿನ ಹಲವು ಆವೃತ್ತಿಗಳನ್ನು ಓಡಿಸಿ ತೋರಿಸಿದೆ. ಬಿಡುವಿನ ವೇಳೆಯಲ್ಲಿ, ಮೂಲ ಕೋಡ್ ಕೈಯಲ್ಲಿಲ್ಲದೆ, ಸಂಬಳವಿಲ್ಲದೆ ಕೆಲವರು ಮಾಡಬಹುದಾದ ಕೆಲಸವನ್ನು ಎಲ್ಲವೂ ಕೈಯಲ್ಲಿರುವ ಕಂಪನಿ ಮಾಡಲಾರದು ಎಂದರೆ ಅದಕ್ಕೆ ಮನಸ್ಸಿಲ್ಲ ಎಂದೇ ಅರ್ಥ.

ಇನ್ನು ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬ ಗಾದೆ. ಅದು ಕೃತಘ್ನ ಪ್ರಯಾಣಿಕನ ಬಗ್ಗೆ ಇರುವ ಮಾತು. ಇಲ್ಲಿ ನಡೆದಿರುವುದು ತಿರುಗುಮುರುಗು. ಅಂಬಿಗನೇ ತಾನು ದಡ ಸೇರಿದ ಕೂಡಲೇ ದೋಣಿ ಬಿಚ್ಚಿ, ಇನ್ನೂ ನಡುನೀರಲ್ಲಿ ಇರುವವರಿಗೆ ಹೊಸ ದೋಣಿ ಕೊಳ್ಳಿ ಎನ್ನುತ್ತಿದ್ದಾನೆ.

ಮೂರನೆಯ ಸಲ ಬೇರೆಯೇ

2005ರ ಬದಲಾವಣೆಗೂ 2020ರ ಬದಲಾವಣೆಗೂ ಒಂದು ಮೂಲಭೂತ ವ್ಯತ್ಯಾಸವಿದೆ. 2005ರಲ್ಲಿ ಆಪಲ್ ಎಲ್ಲರೂ ಬಳಸುವ ಚಿಪ್ಪಿನ ಕಡೆಗೆ ಹೋಯಿತು. ಅದರಿಂದ ಗಿರಾಕಿಗೆ ಒಂದು ಹಿಂಬಾಗಿಲು ತೆರೆಯಿತು. 2006ರ ಏಪ್ರಿಲ್‌ನಲ್ಲಿ ಬಂದ ಬೂಟ್ ಕ್ಯಾಂಪ್‌ನಿಂದ ಅದೇ ಮ್ಯಾಕ್‌ನಲ್ಲಿ ವಿಂಡೋಸ್ ಕೂಡ ನೇರವಾಗಿ ನಡೆಯಿತು. ಕರ್ನಾಟಕ ಸರ್ಕಾರದ ಕಚೇರಿಗಳಲ್ಲಿ ಬಳಕೆಯಲ್ಲಿರುವ ನುಡಿ ತಂತ್ರಾಂಶ ವಿಂಡೋಸ್‌ಗಾಗಿ ಮಾಡಿದ್ದು. ಮ್ಯಾಕ್ ಇದ್ದವರಿಗೂ ನುಡಿಯಲ್ಲಿ ಬರೆದ ಕಡತ ತೆರೆಯಲು ಇದು ನೇರ ದಾರಿಯಾಗಿತ್ತು. ಆಪಲ್ ಒಂದು ದಿನ ಕೈಬಿಟ್ಟರೂ ಇಂಟೆಲ್ ಮ್ಯಾಕ್ ಒಂದು ಸಾಧಾರಣ ಪಿಸಿಯಾಗಿ ಬದುಕಬಹುದಿತ್ತು.

2020ರಲ್ಲಿ ಆಪಲ್ ಹೋದದ್ದು ತನ್ನ ಕಡೆಗೇ. ವಿನ್ಯಾಸ ಅದರದು. ತೈವಾನಿನ ಟಿಎಸ್‌ಎಂಸಿ ತಯಾರಿಸಿ ಕೊಡುವ ಆ ಚಿಪ್ ಬೇರೆ ಯಾವ ಕಂಪ್ಯೂಟರ್ ತಯಾರಕರಿಗೂ ಸಿಗುವುದಿಲ್ಲ. ಬೂಟ್ ಕ್ಯಾಂಪ್ ಅಲ್ಲಿಗೆ ಮುಗಿಯಿತು. ಈಗ ವಿಂಡೋಸ್ ಬೇಕಾದರೆ ಪ್ಯಾರಲಲ್ಸ್‌ನಂಥ ತಂತ್ರಾಂಶ ಹಾಕಿಕೊಂಡು ಒಳಗೊಂದು ಬಾಡಿಗೆ ಮನೆ ಮಾಡಬೇಕು. ಮೆಮೊರಿ ಚಿಪ್ಪಿನ ಜೊತೆಗೇ ಬೆಸೆದುಕೊಂಡಿದೆ. 2019ರ ಇಂಟೆಲ್ ಮ್ಯಾಕ್ ಪ್ರೋನಲ್ಲಿ ಮಾಲೀಕರೇ 1.5 ಟೆರಾಬೈಟ್‌ವರೆಗೆ ಮೆಮೊರಿ ಏರಿಸಿಕೊಳ್ಳಬಹುದಿತ್ತು. 2023ರ ಮ್ಯಾಕ್ ಪ್ರೋನಲ್ಲಿ ಗರಿಷ್ಠ 192 ಗಿಗಾಬೈಟ್, ಅದೂ ಕೊಳ್ಳುವಾಗಲೇ ತೀರ್ಮಾನಿಸಬೇಕು. ಪೂರೈಕೆದಾರ, ತಯಾರಕ, ದುಭಾಷಿ, ಅಂಗಡಿಕಾರ ಎಲ್ಲ ಒಬ್ಬರೇ ಆದ ಮೇಲೆ ಗಿರಾಕಿ ಚೌಕಾಶಿ ಮಾಡುವುದು ಯಾರ ಜೊತೆ? ಮುಂದಿನ ಬದಲಾವಣೆಯ ಹೊತ್ತಿಗೆ ತಪ್ಪಿಸಿಕೊಳ್ಳಲು ಹಿಂಬಾಗಿಲು ಇರುವುದಿಲ್ಲ ಎಂಬುದನ್ನು ಎಂ1ನ ವೇಗ ನೋಡಿ ಮೈಮರೆತವರು ಗಮನಿಸಬೇಕು.

ಬಿಲ್ ಬಂದು ಬೀಳುವುದು ಎಲ್ಲಿ

ಇದೆಲ್ಲ ಲಕ್ಷ ರೂಪಾಯಿಯ ಲ್ಯಾಪ್‌ಟಾಪ್ ಕೊಳ್ಳುವವರ ದುಃಖ, ಉಳಿದವರಿಗೇನು ಎಂದು ಕೇಳಬಹುದು. ಲಕ್ಷ ಕೊಟ್ಟವರು ಹೇಗೋ ಹೊಸದು ಕೊಳ್ಳುತ್ತಾರೆ. ಅವರು ಬಿಟ್ಟ ಯಂತ್ರ ಎಲ್ಲಿಗೆ ಹೋಗುತ್ತದೆ? ದೆಹಲಿಯ ನೆಹರೂ ಪ್ಲೇಸ್, ಮುಂಬೈಯ ಲ್ಯಾಮಿಂಗ್ಟನ್ ರಸ್ತೆ, ಚೆನ್ನೈಯ ರಿಚಿ ಸ್ಟ್ರೀಟ್, ಬೆಂಗಳೂರಿನ ಎಸ್‌ಪಿ ರಸ್ತೆಗಳಂಥ ಕಡೆಗೆ. ಅಲ್ಲಿ ಅದನ್ನು ಅರ್ಧಕ್ಕಿಂತ ಕಡಿಮೆ ಬೆಲೆಗೆ ಕೊಳ್ಳುವವರು ವಿನ್ಯಾಸ ಕಲಿಯುವ ವಿದ್ಯಾರ್ಥಿಗಳು, ವಿಡಿಯೊ ಎಡಿಟಿಂಗ್ ಮಾಡಿ ಹೊಟ್ಟೆ ಹೊರೆಯಲು ಹೊರಟವರು, ಚಿಕ್ಕ ಮುದ್ರಣಾಲಯಗಳು. ಮೊದಲ ಮಾಲೀಕರಿಗೆ ಐದು ವರ್ಷ ಸಿಕ್ಕಿದ್ದರೆ ಎರಡನೆಯವರಿಗೆ ಸಿಗುವುದು ಒಂದೋ ಎರಡೋ. ಇಂಟೆಲ್ ಮ್ಯಾಕ್‌ನ ಆಯುಷ್ಯ ಮುಗಿದಿದೆ ಎಂದು ಅಂಗಡಿಯವರು ಹೇಳಲಿಕ್ಕಿಲ್ಲ, ಕೊಳ್ಳುವವರಿಗೆ ಕೇಳಬೇಕೆಂದು ತಿಳಿದಿರಲಿಕ್ಕಿಲ್ಲ. ಬದಲಾವಣೆಯ ಬಿಲ್ ಜೇಬಿನಿಂದ ಜೇಬಿಗೆ ಇಳಿಯುತ್ತಾ ಬಂದು ಅತಿ ಚಿಕ್ಕ ಜೇಬಿನಲ್ಲಿ ನಿಲ್ಲುತ್ತದೆ. ಅಲ್ಲಿಂದ ಮುಂದೆ ಯಂತ್ರ ಇ-ತ್ಯಾಜ್ಯವಾಗಿ ಗುಜರಿಗೆ ಹೋಗುತ್ತದೆ.

ಆದ್ದರಿಂದ ಕೇಳಬೇಕಾದ್ದು ದಯೆಯನ್ನಲ್ಲ, ನಿಯಮವನ್ನು.

ಒಂದು, ಆಯುಷ್ಯದ ಲೆಕ್ಕ ಮಾರಾಟದ ಕೊನೆಯ ದಿನದಿಂದ ಶುರುವಾಗಬೇಕು, ಮತ್ತು ಅದನ್ನು ಪೆಟ್ಟಿಗೆಯ ಮೇಲೆ ಅಚ್ಚು ಹಾಕಬೇಕು. ಬಿಸ್ಕತ್ತಿನ ಪೊಟ್ಟಣಕ್ಕೆ ಇರುವ ದಿನಾಂಕ ಲಕ್ಷ ರೂಪಾಯಿಯ ಯಂತ್ರಕ್ಕೆ ಯಾಕಿಲ್ಲ? ಇದು ಕನಸಿನ ಮಾತಲ್ಲ. ಯುರೋಪಿನ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಮೊಬೈಲ್ ಮತ್ತು ಟ್ಯಾಬ್ಲೆಟ್‌ಗಳಿಗೆ ಇಂಥ ನಿಯಮ ಬಂದಿದೆ. ಆ ಮಾದರಿಯ ಮಾರಾಟ ನಿಂತ ದಿನದಿಂದ ಕನಿಷ್ಠ 5 ವರ್ಷ ತಂತ್ರಾಂಶದ ಪರಿಷ್ಕರಣೆ ಸಿಗಬೇಕು. ಲ್ಯಾಪ್‌ಟಾಪ್‌ಗಳು ಇನ್ನೂ ಅದರ ಹೊರಗಿವೆ. ಭಾರತದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ರಿಪೇರಿ ಹಕ್ಕಿನ ಜಾಲತಾಣ ತೆರೆಯಿತು. ಒಳ್ಳೆಯದೇ. ಆದರೆ ಬಿಡಿಭಾಗ ಸಿಕ್ಕರೂ ತಂತ್ರಾಂಶವೇ ಬಾಗಿಲು ಹಾಕಿದರೆ ರಿಪೇರಿ ಮಾಡಿ ಏನು ಉಪಯೋಗ?

ಎರಡು, ಸೇತುವೆ ಕಟ್ಟಿದವರು ಅದನ್ನು ಕಾಯಬೇಕು. ಕಾಯಲು ಇಷ್ಟವಿಲ್ಲದಿದ್ದರೆ ಅದರ ಕೋಡ್ ಅನ್ನು ಕಾಯುವವರ ಕೈಗೆ ಕೊಡಬೇಕು. ಬೇರೆಯವರಿಂದ ಪಡೆದ ತಂತ್ರಜ್ಞಾನ ಎಂಬ ನೆಪ ಬೇಡ, ಪಡೆಯುವಾಗಲೇ ಹಾಗೆ ಕರಾರು ಮಾಡಿಕೊಳ್ಳಬೇಕು. ಮೊದಲ ರೊಸೆಟ್ಟಾದ ಮೂಲ ಟ್ರಾನ್ಸಿಟಿವ್ ಎಂಬ ಕಂಪನಿಯದು. ಆ ಕಂಪನಿಯನ್ನು ಮುಂದೆ ಕೊಂಡದ್ದು, ಆಪಲ್ ಬಿಟ್ಟುಬಂದ ಅದೇ ಐಬಿಎಂ. ಗಿರಾಕಿಯ ಕಡತಗಳ ಹಣೆಬರಹ ಇಂಥ ಕಂಪನಿ ವ್ಯವಹಾರಗಳ ಮೇಲೆ ನಿಲ್ಲಬಾರದು.

ಮೂರು, ಕೈಬಿಟ್ಟ ಯಂತ್ರದ ಬೀಗ ತೆಗೆದುಕೊಡಬೇಕು. ಬೇರೆ ಕಾರ್ಯಾಚರಣಾ ವ್ಯವಸ್ಥೆ ಹಾಕಿಕೊಳ್ಳಲು ಬೇಕಾದ ಮಾಹಿತಿಯನ್ನು ಪ್ರಕಟಿಸಬೇಕು. ಹಳೆ ಇಂಟೆಲ್ ಮ್ಯಾಕ್‌ಗಳಲ್ಲಿ ಲಿನಕ್ಸ್ ನಡೆಯುತ್ತದೆ. ಲೋಹಿತ್, ನವಿಲು, ಗುಬ್ಬಿಯಂಥ ಉಚಿತ ಫಾಂಟುಗಳಿಂದ ಅದರಲ್ಲಿ ಕನ್ನಡವೂ ಚೆನ್ನಾಗಿ ಮೂಡುತ್ತದೆ. ಆದರೆ 2018ರಿಂದ 2020ರವರೆಗಿನ ಭದ್ರತಾ ಚಿಪ್ ಇರುವ ಮ್ಯಾಕ್‌ಗಳಲ್ಲಿ ಕೀಲಿಮಣೆಯಂಥ ಸರಳ ಭಾಗ ಕೆಲಸ ಮಾಡಲೂ ಸ್ವಯಂಸೇವಕರು ಬರೆದ ತೇಪೆಗಳೇ ಬೇಕು.

ನಾಲ್ಕು, ಸರ್ಕಾರ ಒಬ್ಬ ದೊಡ್ಡ ಗಿರಾಕಿ. ಜೆಮ್ ಜಾಲತಾಣದ ಮೂಲಕ ಸಾವಿರಾರು ಕಂಪ್ಯೂಟರ್ ಕೊಳ್ಳುವಾಗ ಈ ಮೂರೂ ಷರತ್ತುಗಳನ್ನು ಟೆಂಡರ್‌ನಲ್ಲಿ ಬರೆದರೆ ಹೊಸ ಕಾನೂನಿಗೆ ಕಾಯಬೇಕಿಲ್ಲ. ಬ್ಯಾಂಕುಗಳ ಮುಂದೆ ಐಬಿಎಂ ತಲೆಬಾಗಿದ್ದು ಕಾನೂನಿಗೆ ಹೆದರಿ ಅಲ್ಲ, ದೊಡ್ಡ ಗಿರಾಕಿಗೆ ಹೆದರಿ.

ಕನ್ನಡದಲ್ಲಿ ಬರೆಯುವವರ, ಅಚ್ಚು ಹಾಕುವವರ ಪಾಲಿನ ಕೆಲಸವೂ ಒಂದಿದೆ. ಹಳೆ ನುಡಿಯ ಯೂನಿಕೋಡ್ ಅಲ್ಲದ ಕಡತವನ್ನು ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಕಾಣುವುದು ಕನ್ನಡವಲ್ಲ, ಗಜಿಬಿಜಿಯಾದ ರೋಮನ್ ಅಕ್ಷರಗಳು. ಪೇಜ್‌ಮೇಕರ್‌ನಲ್ಲಿ ಕಟ್ಟಿದ ಪುಸ್ತಕಗಳೂ ಅಂಥದೇ ಅಪಾಯದಲ್ಲಿವೆ. ಯಾವ ಚಿಪ್, ಯಾವ ಕಂಪನಿ ಬಂದರೂ ಹೋದರೂ ಓದಲು ಬರುವ ರೂಪಕ್ಕೆ, ಯೂನಿಕೋಡ್‌ಗೆ ಮತ್ತು ಎಲ್ಲರೂ ತೆರೆಯಬಲ್ಲ ಕಡತಗಳಿಗೆ, ಅವನ್ನು ಬದಲಾಯಿಸಿ ಇಡುವುದು ಇವತ್ತಿನ ಕೆಲಸ. ಹಳೆ ಯಂತ್ರ ಇನ್ನೂ ನಡೆಯುತ್ತಿರುವಾಗಲೇ ಮಾಡಬೇಕಾದ ಕೆಲಸ ಇದು.

ಮುಂದೆಯೂ ಚಿಪ್ಪುಗಳು ಬದಲಾಗುತ್ತವೆ. ಇಂದು ಸೋತ ಇಂಟೆಲ್ ನಾಳೆ ಗೆಲ್ಲಬಹುದು, ಇಂದು ಗೆದ್ದ ಆಪಲ್ ನಾಳೆ ಇನ್ನೊಬ್ಬರ ಬಾಗಿಲು ತಟ್ಟಬಹುದು. ಆಗ ಮತ್ತೊಂದು ವೇದಿಕೆ ಇರುತ್ತದೆ, ಮತ್ತೊಂದು ಗ್ರಾಫ್ ಇರುತ್ತದೆ, ವ್ಯಾಟ್‌ಗೆ ಇಷ್ಟು ಎಂಬ ಲೆಕ್ಕವಿರುತ್ತದೆ. ಅಂದು ಸಭೆಯಲ್ಲಿ ಯಾರಾದರೂ ಎದ್ದು ನಿಂತು ಕೇಳಬೇಕಾದ ಪ್ರಶ್ನೆ ಇಷ್ಟೇ: ನಿನ್ನೆ ನಿಮ್ಮ ಅಂಗಡಿಯಲ್ಲಿ ದುಡ್ಡು ಕೊಟ್ಟು ಹೋದವರಿಗೆ ಎಷ್ಟು ವರ್ಷ ಕೊಡುತ್ತೀರಿ? ಆ ಉತ್ತರ ಸಿಗುವವರೆಗೆ ಚಪ್ಪಾಳೆ ತಟ್ಟಬೇಕಿಲ್ಲ.